ಸನದು ಸಡಿಲಿದಾಗ

1840ರಲ್ಲಿ ಸ್ಥಾಪಿತವಾದ ಬ್ಯಾಂಕ್ ಆಫ್ ಬಾಂಬೆಯ ಪತನಕ್ಕೆ ಸಟ್ಟಾಬಾಜಿಗಾರರ ದುರಾಶೆಯೊಂದೇ ಕಾರಣವೆನ್ನುವುದು ವಾಡಿಕೆ. ಆದರೆ ಆ ದುರಾಶೆಗೆ ಬಾಗಿಲು ತೆರೆದದ್ದು ಶಾಸನವೇ. ಮೊದಲಿನ ಸನದು ಸಾಲಕ್ಕೆ ಬಿಗಿಯಾದ ಕಟ್ಟುಗಳನ್ನು ವಿಧಿಸಿತ್ತು; 1863ರ ಹೊಸ ಕಾಯಿದೆ ಅವನ್ನು ಸಡಿಲಿಸಿ, ಕಂಪನಿಗಳ ಷೇರುಗಳ ಒತ್ತೆಯ ಮೇಲೂ ಸಾಲ ಕೊಡಲು ಅವಕಾಶವಿತ್ತಿತು. ಅಮೆರಿಕದ ಅಂತರ್ಯುದ್ಧದ ದೆಸೆಯಿಂದ ಅರಳೆಯ ಹಣ ಮುಂಬಯಿಗೆ ಹರಿದುಬರುತ್ತಿದ್ದ ಕಾಲವದು. 1865ರಲ್ಲಿ ಯುದ್ಧ ಮುಗಿದು ಅರಳೆಯ ಬೆಲೆ ಕುಸಿಯಲು, ಒತ್ತೆಯಿಟ್ಟ ಷೇರುಗಳು ಬರಿಯ ಕಾಗದಗಳಾದುವು. 1868ರಲ್ಲಿ ಬ್ಯಾಂಕು ಮುಚ್ಚಿತು; ಅದೇ ವರ್ಷ ಅದೇ ಹೆಸರಿನ ಹೊಸ ಬ್ಯಾಂಕು ಹುಟ್ಟಿತು. 1876ರ ಪ್ರೆಸಿಡೆನ್ಸಿ ಬ್ಯಾಂಕುಗಳ ಕಾಯಿದೆ ಕಟ್ಟುಗಳನ್ನು ಮತ್ತೆ ಬಿಗಿಮಾಡಿತು. ಆ ಬ್ಯಾಂಕು 1921ರಲ್ಲಿ ಇಂಪೀರಿಯಲ್ ಬ್ಯಾಂಕಿನಲ್ಲಿ ವಿಲೀನವಾಯಿತು. 1955ರಲ್ಲಿ ಅದೇ ಸ್ಟೇಟ್ ಬ್ಯಾಂಕಾಯಿತು. ಪೇಟೆಯ ಉಬ್ಬರವನ್ನು ಕಾಯಿದೆ ತಡೆಯಲಾರದು. ಠೇವಣಿದಾರನ ಹಣ ಅದರಲ್ಲಿ ಕೊಚ್ಚಿಹೋಗದಂತೆ ಒಡ್ಡು ಕಟ್ಟಬಲ್ಲದು.