ಲೈಂಗಿಕ ವೃತ್ತಿ ಮತ್ತು ಭಾರತದ ಕಾನೂನು: ಒಂದು ಚರಿತ್ರೆ

ವಯಸ್ಕ ವ್ಯಕ್ತಿಯೊಬ್ಬರು ತಮ್ಮ ಇಚ್ಛೆಯಿಂದ, ಹಣ ಪಡೆದು, ಖಾಸಗಿಯಾಗಿ ಲೈಂಗಿಕ ಸೇವೆ ನೀಡುವುದನ್ನು ಭಾರತದ ಯಾವ ಕೇಂದ್ರ ಕಾಯ್ದೆಯೂ ನೇರವಾಗಿ ಅಪರಾಧವೆಂದು ಸಾರಿಲ್ಲ. ಹಾಗೆಂದು ಅದಕ್ಕೆ ಲೈಸೆನ್ಸ್ ಕೊಡುವ ಕಾಯ್ದೆಯೂ ಇಲ್ಲ. ಶಿಕ್ಷೆ ಇರುವುದು ಅದರ ಸುತ್ತಮುತ್ತಲಿನ ಕೆಲಸಗಳಿಗೆ: ವೇಶ್ಯಾಗೃಹ ನಡೆಸುವುದು, ತಲೆಹಿಡುಕತನ, ಬೀದಿಯಲ್ಲಿ ಗಿರಾಕಿ ಕರೆಯುವುದು, ಹೆಣ್ಣುಮಕ್ಕಳ ಸಾಗಣೆ. ಈ ಕಾನೂನುಗಳನ್ನು ಕಾಲಕ್ರಮದಲ್ಲಿ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಆಳುವವರು ಯಾರೇ ಆಗಿರಲಿ, ವೃತ್ತಿಗಿಂತ ಹೆಚ್ಚಾಗಿ ಅದು ನಡೆಯುವ ಜಾಗದ ಮೇಲೆ ಕಣ್ಣಿಟ್ಟಿದ್ದಾರೆ. ದಂಡಿನ ಬಜಾರಿನಿಂದ ಇಂದಿನ ಜಾಲತಾಣದವರೆಗೆ ಈ ಎಳೆ ತುಂಡಾಗಿಲ್ಲ.

ಹಿಂದಿನ ರಾಜ್ಯಗಳ ಆಸಕ್ತಿ ತೆರಿಗೆಯಲ್ಲಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗಣಿಕಾಧ್ಯಕ್ಷ ಎಂಬ ಅಧಿಕಾರಿಗೇ ಒಂದು ಅಧ್ಯಾಯ ಮೀಸಲು. ರೂಪಾಜೀವೆಯರು ತಿಂಗಳಿಗೆ ಎರಡು ದಿನದ ಗಳಿಕೆಯನ್ನು ರಾಜನಿಗೆ ಸಲ್ಲಿಸಬೇಕೆಂದು ಅದು ವಿಧಿಸುತ್ತದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಟಂಕಸಾಲೆಯ ಹಿಂದಿದ್ದ ವೇಶ್ಯೆಯರ ಬೀದಿಯನ್ನು ಬೆರಗಿನಿಂದ ವರ್ಣಿಸಿದ್ದಾನೆ. ನಗರ ಕಾಯುವ 12,000 ಭಟರ ದಿನಗೂಲಿಯಾದ 12,000 ಪಣ ಆ ಬೀದಿಯ ಸುಂಕದಿಂದಲೇ ಬರುತ್ತಿತ್ತಂತೆ. ಪ್ರವಾಸಿಯ ಲೆಕ್ಕವಾದ್ದರಿಂದ ಅಂಕಿಯನ್ನು ಅಕ್ಷರಶಃ ನಂಬಬೇಕಿಲ್ಲ. ಈ ವೃತ್ತಿ ಖಜಾನೆಯ ಆದಾಯವಾಗಿತ್ತು ಎಂಬುದಷ್ಟನ್ನು ನಂಬಬಹುದು.

ಬ್ರಿಟಿಷರಿಗೆ ತೆರಿಗೆಗಿಂತ ಸೈನಿಕರ ಆರೋಗ್ಯ ಮುಖ್ಯವಾಗಿತ್ತು. ಗುಹ್ಯರೋಗ ತಗುಲಿ ಗೋರಾ ಸಿಪಾಯಿಗಳು ಆಸ್ಪತ್ರೆ ಸೇರುವುದು ಹೆಚ್ಚಿದಾಗ 1864ರ ದಂಡುಪ್ರದೇಶ ಕಾಯ್ದೆ ಬಂತು. ಸಿಪಾಯಿಗಳ ಬಳಿ ಹೋಗುವ ಹೆಂಗಸರ ಹೆಸರು ನೋಂದಣಿಯಾಗಬೇಕು, ನಿಗದಿತ ದಿನ ವೈದ್ಯರ ಮುಂದೆ ನಿಲ್ಲಬೇಕು, ರೋಗ ಕಂಡರೆ ‘ಲಾಕ್ ಆಸ್ಪತ್ರೆ’ಯಲ್ಲಿ ಇರಬೇಕು ಎಂದು ಕಟ್ಟಳೆಯಾಯಿತು. 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಇದನ್ನೇ ನಗರಗಳಿಗೂ ಹಬ್ಬಿಸಿತು. ಆ ವರ್ಷದ 14ನೆಯ ಕಾಯ್ದೆಯಾದ್ದರಿಂದ ಬಂಗಾಳದ ಜನ ಇದನ್ನು ‘ಚೌದ್ದೋ ಆಯಿನ್’ ಎಂದು ಕರೆದರು. ಮದರಾಸು ಸೇನೆಗೆ ಸೇರಿದ್ದ ಬೆಂಗಳೂರು ಮತ್ತು ಬಳ್ಳಾರಿಯ ದಂಡುಗಳಲ್ಲಿಯೂ ಲಾಕ್ ಆಸ್ಪತ್ರೆಗಳಿದ್ದವು. ಪರೀಕ್ಷೆ ಹೆಂಗಸಿಗೆ ಮಾತ್ರ ಕಡ್ಡಾಯ, ಸಿಪಾಯಿಗಲ್ಲ. ಭಾರತದ ನೆಲದಲ್ಲಿ ಈ ವೃತ್ತಿಗೆ ಲೈಸೆನ್ಸಿಗೆ ತೀರ ಹತ್ತಿರದ್ದೊಂದು ಚೀಟಿಯನ್ನು ಸರ್ಕಾರವೇ ಕೊಟ್ಟದ್ದು ಈ ಕಾಲದಲ್ಲಿ. ಇಂಗ್ಲೆಂಡಿನಲ್ಲಿ ಜೋಸೆಫಿನ್ ಬಟ್ಲರ್ ಮುಂದಾಳಾಗಿದ್ದ ಚಳವಳಿ ಅಲ್ಲಿನ ಕಾಯ್ದೆಯನ್ನು 1886ರಲ್ಲಿ ತೆಗೆಸಿತು. ಭಾರತದ್ದು 1888ರಲ್ಲಿ ಹೋಯಿತು. ದಂಡುಗಳಲ್ಲಿ ಮಾತ್ರ ಬೇರೆ ಬೇರೆ ನಿಯಮಗಳ ಮರೆಯಲ್ಲಿ ಅದೇ ಪದ್ಧತಿ ಮತ್ತೂ ಕೆಲವು ಕಾಲ ಉಳಿಯಿತು.

ಇಪ್ಪತ್ತನೆಯ ಶತಮಾನಕ್ಕೆ ಬರುವಾಗ ನೈತಿಕ ಸುಧಾರಣೆಯ ಭಾಷೆ ಮುಂದೆ ಬಂತು, ಅದರ ಮೊದಲ ಪೆಟ್ಟು ಬಿದ್ದದ್ದು ದೇವದಾಸಿಯರ ಮೇಲೆ. ಮೈಸೂರು ಸರ್ಕಾರ 1909ರ ಆಜ್ಞೆಯಿಂದ ಮುಜರಾಯಿ ದೇವಾಲಯಗಳಲ್ಲಿ ಅವರ ಸೇವೆಯನ್ನು ನಿಲ್ಲಿಸಿತು. ಬೆಳಗಾವಿ, ಧಾರವಾಡ, ವಿಜಾಪುರಗಳನ್ನು ಒಳಗೊಂಡಿದ್ದ ಮುಂಬಯಿ ಪ್ರಾಂತ್ಯ 1934ರಲ್ಲಿ, ಮದರಾಸು 1947ರಲ್ಲಿ ಕಾಯ್ದೆ ಮಾಡಿದವು. ಕರ್ನಾಟಕದ ದೇವದಾಸಿ (ಸಮರ್ಪಣಾ ನಿಷೇಧ) ಕಾಯ್ದೆ 1982ರದು. ಹಾಡು, ಕುಣಿತ, ಆಸ್ತಿಯ ಹಕ್ಕು ಇದ್ದ ದೇವಸ್ಥಾನದ ಹೆಂಗಸರನ್ನೂ, ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ಬಡತನದಿಂದ ಮುಂಬಯಿ, ಸಾಂಗ್ಲಿಗಳ ಗಲ್ಲಿ ಸೇರಿದ ದಲಿತ ಹುಡುಗಿಯರನ್ನೂ ಕಾನೂನು ಒಂದೇ ಪಟ್ಟಿಯಲ್ಲಿ ಬರೆಯಿತು. ಇಬ್ಬರ ಕಷ್ಟಗಳೂ ಬೇರೆ ಬೇರೆಯಾಗಿದ್ದವು.

ಅಶ್ಲೀಲತೆಯ ಕಾನೂನು ಈ ಚರಿತ್ರೆಯೊಳಗೆ ಬರುವುದೂ ಇಲ್ಲಿಯೇ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ, ದೇವದಾಸಿ ಮನೆತನದ ಬೆಂಗಳೂರು ನಾಗರತ್ನಮ್ಮ, ತಂಜಾವೂರಿನ ಆಸ್ಥಾನದ ಮುದ್ದುಪಳನಿ ಬರೆದಿದ್ದ ತೆಲುಗು ಶೃಂಗಾರಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು 1910ರಲ್ಲಿ ಪ್ರಕಟಿಸಿದರು. ಮರುವರ್ಷ ಸರ್ಕಾರ ಅದನ್ನು ಅಶ್ಲೀಲವೆಂದು ಮುಟ್ಟುಗೋಲು ಹಾಕಿಕೊಂಡಿತು. ನಿಷೇಧ ಎದ್ದದ್ದು ಟಂಗುಟೂರಿ ಪ್ರಕಾಶಂ ಮದರಾಸಿನ ಮುಖ್ಯಮಂತ್ರಿಯಾಗಿದ್ದಾಗ. ಅಶ್ಲೀಲ ಪುಸ್ತಕ, ಚಿತ್ರಗಳ ಮಾರಾಟಕ್ಕೆ ಅನ್ವಯಿಸುತ್ತಿದ್ದ ದಂಡಸಂಹಿತೆಯ 292ನೆಯ ಕಲಮೇ ಇಂದು ಅಂತರಜಾಲದ ಕಲಮುಗಳಿಗೆ ತಾಯಿಬೇರು.

ಸಂವಿಧಾನದ 23ನೆಯ ವಿಧಿ ಮನುಷ್ಯರ ಸಾಗಣೆಯನ್ನು ನಿಷೇಧಿಸಿತು. 1950ರ ಮೇ ತಿಂಗಳಲ್ಲಿ ಭಾರತ ವಿಶ್ವಸಂಸ್ಥೆಯ ಸಾಗಣೆ ತಡೆ ಒಪ್ಪಂದಕ್ಕೆ ಸಹಿ ಹಾಕಿತು. ಅದರ ಫಲವಾಗಿ 1956ರಲ್ಲಿ, ಪ್ರಾಂತ್ಯಗಳ ಹಳೆಯ ಕಾಯ್ದೆಗಳ ಜಾಗದಲ್ಲಿ, ಅನೈತಿಕ ಸಾಗಣೆ ದಮನ ಕಾಯ್ದೆ ಬಂತು. 1958ರ ಮೇ 1ರಂದು ಜಾರಿಯಾದ ಕೂಡಲೇ ಅದನ್ನು ಪ್ರಶ್ನಿಸಿದವಳು ವಕೀಲಳೂ ಅಲ್ಲ, ಸಮಾಜ ಸುಧಾರಕಿಯೂ ಅಲ್ಲ. ಅಲಹಾಬಾದಿನ ಹುಸ್ನಾ ಬಾಯಿ ಎಂಬ ವೇಶ್ಯೆ ಹೈಕೋರ್ಟಿಗೆ ಹೋಗಿ, ಇಷ್ಟಪಟ್ಟ ವೃತ್ತಿ ಮಾಡುವ ಹಕ್ಕನ್ನು ಸಂವಿಧಾನವೇ ತನಗೆ ಕೊಟ್ಟಿದೆ ಎಂದು ವಾದಿಸಿದಳು. ನ್ಯಾಯಮೂರ್ತಿ ಜಗದೀಶ್ ಸಹಾಯ್ ಅರ್ಜಿಯನ್ನು ವಜಾ ಮಾಡಿದರು, ಆದರೆ ಕಾಯ್ದೆಯ ಕೆಲವು ಕಲಮುಗಳು ಸಂವಿಧಾನಕ್ಕೆ ಹೊಂದುತ್ತವೆಯೇ ಎಂಬ ಅನುಮಾನವನ್ನೂ ದಾಖಲಿಸಿದರು. ಮುಂದೆ ಕಾನ್ಪುರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ವೇಶ್ಯೆಯನ್ನು ಊರಿನ ಒಂದು ಭಾಗದಿಂದ ಹೊರಹೋಗುವಂತೆ ಮ್ಯಾಜಿಸ್ಟ್ರೇಟ್ ಆಜ್ಞಾಪಿಸಬಹುದಾದ 20ನೆಯ ಕಲಮನ್ನು ಎತ್ತಿಹಿಡಿಯಿತು.

1986ರ ತಿದ್ದುಪಡಿಯಿಂದ ಕಾಯ್ದೆಯ ಹೆಸರು ಅನೈತಿಕ ಸಾಗಣೆ (ತಡೆ) ಕಾಯ್ದೆ ಎಂದಾಯಿತು. ಠಾಣೆಯ ಮಾತಿನಲ್ಲಿ ಇದು ‘ಪೀಟಾ’. ಹೆಂಗಸರಿಗೆ ಸೀಮಿತವಾಗಿದ್ದ ಕಾಯ್ದೆ ಎಲ್ಲ ವ್ಯಕ್ತಿಗಳಿಗೂ ಅನ್ವಯಿಸಿತು. ವೇಶ್ಯಾವಾಟಿಕೆಯೆಂದರೆ ವಾಣಿಜ್ಯ ಉದ್ದೇಶದ ಲೈಂಗಿಕ ಶೋಷಣೆ ಎಂಬ ಹೊಸ ವಿವರಣೆ ಬಂತು. ಇದರ ಒಳಹೊಕ್ಕು ನೋಡಿದರೆ ಜಾಗದ ಮೋಹ ಸ್ಪಷ್ಟ. ಇಬ್ಬರು ಹೆಂಗಸರು ಪರಸ್ಪರ ಲಾಭಕ್ಕಾಗಿ ಒಂದು ಮನೆಯನ್ನು ವೃತ್ತಿಗೆ ಬಳಸಿದರೆ ಅದು ವೇಶ್ಯಾಗೃಹ. ಜೊತೆಯಲ್ಲಿದ್ದರೆ ಕ್ಷೇಮ ಎಂದು ಒಟ್ಟಿಗೆ ಬಾಡಿಗೆಗೆ ಇರುವವರು ಹೀಗೆ ಸಿಕ್ಕಿಬೀಳುತ್ತಾರೆ. ದೇವಸ್ಥಾನ, ಶಾಲೆ, ಹಾಸ್ಟೆಲ್, ಆಸ್ಪತ್ರೆಗಳಿಂದ 200 ಮೀಟರ್ ಒಳಗೆ ವೃತ್ತಿ ನಡೆಸುವುದು 7ನೆಯ ಕಲಮಿನಡಿ ಅಪರಾಧ. ನಮ್ಮ ಯಾವ ಪೇಟೆಯಲ್ಲಿ ಇವೆಲ್ಲದರಿಂದ 200 ಮೀಟರ್ ದೂರದ ಬೀದಿ ಸಿಗುತ್ತದೆ? 8ನೆಯ ಕಲಮಂತೂ ಕಿಟಕಿಯಲ್ಲಿ ಕೂರುವುದನ್ನೂ ಉಪ್ಪರಿಗೆಯಲ್ಲಿ ಕೂರುವುದನ್ನೂ ಹೆಸರಿಸಿ, ಗಿರಾಕಿ ಕರೆದವಳಿಗೆ ಮೊದಲ ಬಾರಿ ಆರು ತಿಂಗಳವರೆಗೆ ಸೆರೆ ಅಥವಾ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಅದೇ ತಪ್ಪು ಮಾಡಿದ ಗಂಡಸಿಗೆ ಗರಿಷ್ಠ ಮೂರು ತಿಂಗಳು. ಗಿರಾಕಿಯನ್ನೇ ಗುರಿಯಾಗಿಸಿದ ಸಾಮಾನ್ಯ ಕಲಮು ಇಲ್ಲದ್ದರಿಂದ, ದಾಳಿಯಲ್ಲಿ ಸಿಕ್ಕ ಗಿರಾಕಿಗಳ ಮೇಲಿನ ಪ್ರಕರಣಗಳನ್ನು ಕರ್ನಾಟಕ ಹೈಕೋರ್ಟ್ ಹಲವು ಬಾರಿ ರದ್ದುಪಡಿಸಿದೆ. 2006ರಲ್ಲಿ 8 ಮತ್ತು 20ನೆಯ ಕಲಮುಗಳನ್ನು ಕೈಬಿಟ್ಟು ಗಿರಾಕಿಗೆ ಶಿಕ್ಷೆ ತರುವ ಮಸೂದೆ ಲೋಕಸಭೆಗೆ ಬಂದು ಅಂಗೀಕಾರವಿಲ್ಲದೆ ಬಿದ್ದುಹೋಯಿತು.

ದಾಳಿಯಲ್ಲಿ ‘ರಕ್ಷಿಸಿದ’ ವಯಸ್ಕ ಹೆಂಗಸನ್ನು ಮ್ಯಾಜಿಸ್ಟ್ರೇಟ್ ಒಂದರಿಂದ ಮೂರು ವರ್ಷ ರಕ್ಷಣಾಗೃಹದಲ್ಲಿ ಇರಿಸಬಹುದು. ಅಪರಾಧಿಗೆ ಸಿಗುವ ಶಿಕ್ಷೆಗಿಂತ ಸಂತ್ರಸ್ತೆಯ ವಾಸ ಉದ್ದವಾಗುವುದುಂಟು. 2020ರ ಸೆಪ್ಟೆಂಬರಿನಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಪೃಥ್ವಿರಾಜ್ ಚವಾಣ್ ಹೀಗೆ ಇರಿಸಿದ್ದ ಮೂವರನ್ನು ಬಿಡಿಸಿ, ವಯಸ್ಕಳನ್ನು ಅವಳ ಇಚ್ಛೆಗೆ ವಿರುದ್ಧವಾಗಿ ಹಿಡಿದಿಡಲಾಗದು ಎಂದರು.

ಕೋಲ್ಕತ್ತದಲ್ಲಿ 1999ರಲ್ಲಿ ನಡೆದ ಲೈಂಗಿಕ ಕಾರ್ಯಕರ್ತೆಯೊಬ್ಬರ ಕೊಲೆಯ ಮೊಕದ್ದಮೆ ಅನಿರೀಕ್ಷಿತವಾಗಿ ದೊಡ್ಡದಾಯಿತು. 2011ರಲ್ಲಿ ಅಪರಾಧಿಯ ಮೇಲ್ಮನವಿ ವಜಾ ಮಾಡಿದ ಸುಪ್ರೀಂ ಕೋರ್ಟ್, ಅದೇ ಪ್ರಕರಣದಲ್ಲಿ ಲೈಂಗಿಕ ಕಾರ್ಯಕರ್ತೆಯರ ಬದುಕಿನ ಪ್ರಶ್ನೆಯನ್ನು ಕೈಗೆತ್ತಿಕೊಂಡು ಸಮಿತಿ ನೇಮಿಸಿತು. ಕೋವಿಡ್ ಕಾಲದಲ್ಲಿ ಗುರುತಿನ ಚೀಟಿ ಕೇಳದೆ ಪಡಿತರ ಕೊಡಿ ಎಂದ ಆದೇಶವೂ ಇದರಲ್ಲೇ ಬಂದದ್ದು. 2022ರ ಮೇ 19ರಂದು ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್, ಬಿ.ಆರ್. ಗವಾಯಿ ಮತ್ತು ಕೊಡಗಿನವರಾದ ಎ.ಎಸ್. ಬೋಪಣ್ಣ ಅವರ ಪೀಠ ನಿರ್ದೇಶನಗಳನ್ನು ಕೊಟ್ಟಿತು: ಲೈಂಗಿಕ ದೌರ್ಜನ್ಯದ ದೂರು ತಂದವಳಿಗೆ ಚಿಕಿತ್ಸೆ ಸಿಗಬೇಕು, ಕಾಂಡೋಮನ್ನು ಅಪರಾಧದ ಸಾಕ್ಷ್ಯವೆನ್ನಬಾರದು, ಮಾಧ್ಯಮಗಳು ಮುಖ ತೋರಿಸಬಾರದು, ವಿಳಾಸದ ದಾಖಲೆ ಒತ್ತಾಯಿಸದೆ ಆಧಾರ್ ಕೊಡಬೇಕು. ವೃತ್ತಿಯೇ ಕಾನೂನುಬದ್ಧವಾಯಿತು ಎಂದು ಪತ್ರಿಕೆಗಳು ಬರೆದದ್ದು ಅವಸರದ ಓದು. ಒಪ್ಪಿಗೆಯಿಂದ ವೃತ್ತಿಯಲ್ಲಿರುವ ವಯಸ್ಕರ ಗೋಜಿಗೆ ಪೊಲೀಸರು ಹೋಗಬಾರದೆಂಬ ಸಮಿತಿಯ ಶಿಫಾರಸಿಗೆ ಕೇಂದ್ರ ಸರ್ಕಾರ ಆಕ್ಷೇಪ ಹೇಳಿತ್ತು. ಕಡ್ಡಾಯ ಪಾಲನೆಗೆ ಪೀಠ ಆರಿಸಿದ ಶಿಫಾರಸುಗಳಲ್ಲಿ ಅದು ಸೇರಿರಲಿಲ್ಲ.

ಲೈಸೆನ್ಸಿನ ಮಾತು ಬರುವುದು ಮನರಂಜನೆಯ ಜಾಗಗಳಿಗೆ ಮಾತ್ರ. ಬೆಂಗಳೂರು ಪೊಲೀಸ್ ಕಮಿಷನರ್ 2005ರಲ್ಲಿ ಹೊರಡಿಸಿದ ಆದೇಶದಂತೆ ಲೈವ್ ಬ್ಯಾಂಡ್, ಕ್ಯಾಬರೆ ನಡೆಸುವ ರೆಸ್ಟೋರೆಂಟುಗಳು ಪರವಾನಗಿ ಪಡೆಯಬೇಕು. ಮಾಲೀಕರ ಸಂಘ ಹೂಡಿದ ದಾವೆಯಲ್ಲಿ 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಆದೇಶವನ್ನು ಒಪ್ಪಿತು. ಅಲ್ಲಿ ಹಾಡುವ, ಕುಣಿಯುವ ಹೆಂಗಸರು ಲೈಂಗಿಕ ಕಾರ್ಯಕರ್ತೆಯರಲ್ಲ. ಪರವಾನಗಿ ಸಿಗುವುದೂ ಅವರಿಗಲ್ಲ, ರೆಸ್ಟೋರೆಂಟಿಗೆ.

ಮೊಬೈಲ್ ಬಂದ ಮೇಲೆ ಕಿಟಕಿ ಕೈಯೊಳಗೇ ಬಂತು. ಎಸ್ಕಾರ್ಟ್ ಸೇವೆಯ ಜಾಹೀರಾತಿಗೆಂದೇ ಪೀಟಾದಲ್ಲಿ ಕಲಮು ಇಲ್ಲ. ಪೊಲೀಸರು ಅದರ 3, 4, 5ನೆಯ ಕಲಮುಗಳನ್ನೂ ಮಾಹಿತಿ ತಂತ್ರಜ್ಞಾನ ಕಾಯ್ದೆಯನ್ನೂ ಜೋಡಿಸಿ ಎಫ್‌ಐಆರ್ ಬರೆಯುತ್ತಾರೆ. 2016ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಇಂತಹ 240 ತಾಣಗಳನ್ನು ಮುಚ್ಚಿಸಿತು. ವಿಳಾಸದಲ್ಲಿ ಒಂದಕ್ಷರ ಬದಲಿಸಿದರೆ ಹೊಸ ತಾಣವಾಗುವ ಲೋಕದಲ್ಲಿ, ಬೀದಿಯಿಂದ ಎಬ್ಬಿಸುವ 20ನೆಯ ಕಲಮಿನ ಉಪಾಯವನ್ನೇ ಇಲ್ಲಿಯೂ ನೆಚ್ಚಿಕೊಂಡಂತಿದೆ.

ಕ್ಯಾಮೆರಾ ಮುಂದಿನ ಕೆಲಸಕ್ಕೆ ಅನ್ವಯಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ. 67ನೆಯ ಕಲಮು ಅಶ್ಲೀಲ ವಸ್ತುವಿನ ಪ್ರಸಾರಕ್ಕೆ ಮೊದಲ ಬಾರಿ ಮೂರು ವರ್ಷ ಮತ್ತು 5 ಲಕ್ಷ ರೂಪಾಯಿವರೆಗೆ ಶಿಕ್ಷೆ ಹೇಳುತ್ತದೆ; 2008ರ ತಿದ್ದುಪಡಿ ಸೇರಿಸಿದ 67ಎ, ಲೈಂಗಿಕ ಕ್ರಿಯೆ ತೋರಿಸುವುದಕ್ಕೆ ಐದು ವರ್ಷ ಮತ್ತು 10 ಲಕ್ಷದವರೆಗೆ. ವಯಸ್ಕರ ಚಿತ್ರವನ್ನು ಮನೆಯಲ್ಲಿ ನೋಡುವುದು ಇವುಗಳ ಅಡಿ ಅಪರಾಧವಲ್ಲ. ಮಕ್ಕಳ ಅಶ್ಲೀಲ ಚಿತ್ರವಾದರೆ ಹುಡುಕುವುದು, ಇಳಿಸಿಕೊಳ್ಳುವುದೂ ಅಪರಾಧ. 67ಎ ಮುಂದೆ ಒಪ್ಪಿಗೆಗೆ ಬೆಲೆಯಿಲ್ಲ: ಚಂದಾ ಪಡೆದು ತನ್ನದೇ ವಿಡಿಯೋ ಹಾಕುವ ವಯಸ್ಕಳೂ ಪ್ರಸಾರ ಮಾಡಿದವಳೇ. ಅವಳ ವಿಡಿಯೋವನ್ನು ಯಾರಾದರೂ ಕದ್ದು ಬೇರೆಡೆ ಹರಿಯಬಿಟ್ಟರೆ, ದೂರು ಕೊಟ್ಟ ಮೇಲೆ ವೇದಿಕೆ ಅದನ್ನು ಬೇಗನೆ ತೆಗೆಯಬೇಕೆಂದು 2021ರ ನಿಯಮಗಳು ಹೇಳುತ್ತವೆ. ಆದರೆ ಕದ್ದವನನ್ನು ಹಿಡಿಸಲು ಅವಳು ಠಾಣೆ ಮೆಟ್ಟಿಲು ಹತ್ತಿದರೆ, ವಿಡಿಯೋವನ್ನು ಮೊದಲು ಹಾಕಿದ್ದು ಯಾರು ಎಂಬ ಪ್ರಶ್ನೆಗೆ ಸತ್ಯ ಹೇಳಿದ ಕ್ಷಣವೇ 67ಎ ಅವಳ ಮೇಲೂ ತಿರುಗಬಹುದು.