ಒಂದು ಗಡಿಗೆ, ಎರಡು ಹಾವು

ಮದುವೆಯಾಗಿ ನಾಲ್ಕು ವರ್ಷವಾದರೂ ನನ್ನ ಮಡಿಲು ತುಂಬಿರಲಿಲ್ಲ. ಒಂದು ಮಧ್ಯಾಹ್ನ ಅತ್ತೆಯವರು ಕಬ್ಬಿನ ಹೊಲದಿಂದ ಓಡುತ್ತ ಬಂದರು. "ಲಗೂನ ಬಾ, ಹೊಸಾ ಖಣ ತಗೊಂಡ ಬಾ, ಜೋಡಿ ಹಾವು ಕೂಡ್ಯಾವ!" ಬದುವಿನ ಮೇಲೆ ಎರಡು ಕೇರೆ ಹಾವುಗಳು ಹಗ್ಗ ಹೊಸೆದಂತೆ ಹೆಣೆದುಕೊಂಡು ಮೊಳದೆತ್ತರ ಎದ್ದಿದ್ದವು. ನಡುಗುವ ಕೈಯಿಂದ ಖಣ ಎಸೆದೆ. ಅದನ್ನು ತಂದು ದೇವರ ಜಗುಲಿಯ ಮೇಲಿಟ್ಟೆವು.

ಮುಂದೆ ಮಗಳು ಹುಟ್ಟಿದಳು. ಅತ್ತೆ ಅದೇ ಖಣದಿಂದ ಕುಂಚಿಗೆ ಹೊಲಿಸಿ ಕೂಸಿಗೆ ತೊಡಿಸಿದರು. ಎಷ್ಟೋ ವರ್ಷಗಳ ಮೇಲೆ, ಶಾಲೆಯ ಪಾಠಕ್ಕೆಂದು ಓದುವಾಗ ನನಗೆ ನಿಜ ತಿಳಿಯಿತು. ಹಾಗೆ ಎದ್ದು ಹೆಣೆದಾಡುವ ಕೇರೆಗಳು ಸಾಮಾನ್ಯವಾಗಿ ಎರಡೂ ಗಂಡು! ಅದು ಕೂಟವಲ್ಲ, ಕುಸ್ತಿ. ಎದುರಾಳಿಯ ತಲೆಯನ್ನು ನೆಲಕ್ಕೆ ಒತ್ತಿದ್ದು ಗೆದ್ದಂತೆ.

ಹಾವಿಗೂ ಸಂತಾನಕ್ಕೂ ನಾವು ಹಾಕಿದ ಗಂಟು ಬಹಳ ಹಳೆಯದು. ಅರಳಿ ಕಟ್ಟೆಯ ನಾಗರಕಲ್ಲುಗಳಲ್ಲಿ ಹೆಣೆದ ಜೋಡಿಯನ್ನು ಶತಮಾನಗಳಿಂದ ಕಡೆಯುತ್ತ ಬಂದಿದ್ದಾರೆ. ನಮ್ಮ ಬೋರಗಾಂವದ ಗಡಿಯಾಚೆ, ಸಾಂಗಲಿ ಜಿಲ್ಲೆಯ ಬತ್ತೀಸ ಶಿರಾಳದಲ್ಲಿ ಪಂಚಮಿಗೆ ಮೊದಲು ಜೀವಂತ ನಾಗರಗಳನ್ನೇ ಹಿಡಿದು ಮಣ್ಣಿನ ಗಡಿಗೆಗಳಲ್ಲಿಡುತ್ತಿದ್ದರು. ಹೆಣ್ಣುಮಕ್ಕಳು ಪೂಜಿಸಿ, ಹಬ್ಬ ಮುಗಿದ ಮೇಲೆ ಅವನ್ನು ಬಿಡುವುದು ರೂಢಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು, ಮುಂದೆ ಮುಂಬಯಿ ಉಚ್ಚ ನ್ಯಾಯಾಲಯದ ಆದೇಶವೂ ಆಗಿ ಅದಕ್ಕೆ ತಡೆ ಬಿತ್ತು.

ಇದನ್ನು ವರ್ಗದಲ್ಲಿ ಹೇಳುತ್ತಿದ್ದಾಗ ಒಬ್ಬ ಹುಡುಗ ಎದ್ದು ನಿಂತ. "ಅಕ್ಕೋರ, ಒಂದ ಗಡಿಗ್ಯಾಗ ಗಂಡೊಂದು ಹೆಣ್ಣೊಂದು ಇಟ್ರ ಮರಿ ಆಗ್ತಾವಲ್ರಿ?"

ನಾನು ಅವನಿಗೆ ಕಾಳಿಂಗ ಸರ್ಪದ ಕಥೆ ಹೇಳಿದೆ.

ಕಾಳಿಂಗದ ಊಟವೇ ಹಾವು. ತನ್ನ ಜಾತಿಯದನ್ನೂ ಅದು ಬಿಡುವುದಿಲ್ಲ. ಗಂಡು ಹೆಣ್ಣನ್ನು ಸುಮ್ಮನೆ ಒಂದೆಡೆ ಕೂಡಿಹಾಕಿದರೆ ಬೆಳಗಾಗುವಷ್ಟರಲ್ಲಿ ಒಂದೇ ಉಳಿದೀತು. ಆದ್ದರಿಂದ ಬಲ್ಲವರು ವರ್ಷದ ಬಹುಕಾಲ ಅವನ್ನು ಬೇರೆ ಬೇರೆ ಇಡುತ್ತಾರೆ. ಋತು ಬಂದಾಗ, ಹೊಟ್ಟೆ ತುಂಬಿರುವಾಗ, ಕಣ್ಣಿಟ್ಟು ಕಾಯುತ್ತ ಕೂಡಿಸುತ್ತಾರೆ. 1950ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಸಾಕಿದ ಕಾಳಿಂಗವೊಂದು ಗೂಡು ಕಟ್ಟಿ ಮೊಟ್ಟೆಯಿಟ್ಟಿತು. ಅಲ್ಲಿನ ಜೇಮ್ಸ್ ಆಲಿವರ್ ಅದನ್ನೆಲ್ಲ ನೋಡಿ 1956ರಲ್ಲಿ ಬರೆದಿಟ್ಟರು. ನಮ್ಮ ರಾಜ್ಯದಲ್ಲೂ, ಮಂಗಳೂರಿನ ಪಿಲಿಕುಳದ ಜೈವಿಕ ಉದ್ಯಾನದಲ್ಲಿ, ಸಾಕಿದ ಕಾಳಿಂಗಗಳ ಮೊಟ್ಟೆಗಳನ್ನು ಹದವಾದ ಶಾಖದಲ್ಲಿಟ್ಟು ಮರಿ ಮಾಡಿಸಿದ್ದಾರೆ.

ಕಾಡಿನಲ್ಲಿ ಈ ಸಂಸಾರ ಹೇಗೆ ನಡೆಯುತ್ತದೆ? ಆಗುಂಬೆಯಲ್ಲಿ ರೋಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ತೆರೆದ ಮೇಲೆ ಇದು ಹೆಚ್ಚು ತಿಳಿದುಬಂತು. ಬೇಸಿಗೆಯಲ್ಲಿ ಹೆಣ್ಣಿನ ವಾಸನೆ ಹಿಡಿದು ಗಂಡುಗಳು ಬರುತ್ತವೆ, ತಮ್ಮತಮ್ಮಲ್ಲೇ ಕುಸ್ತಿಯಾಡುತ್ತವೆ. ಗೆದ್ದ ಗಂಡು ಕೂಡಿದ ಮೇಲೆ ತನ್ನ ದಾರಿ ಹಿಡಿಯುತ್ತದೆ. ಒಮ್ಮೊಮ್ಮೆ ಗಂಡು ಹೆಣ್ಣನ್ನೇ ಕೊಲ್ಲುವುದೂ ಉಂಟು. ಆಮೇಲಿನ ದುಡಿಮೆಯೆಲ್ಲ ತಾಯಿಯದೇ. ಕೈಯಿಲ್ಲದ ಅವಳು ಮೈಯ ಸುರುಳಿಯಿಂದಲೇ ತರಗೆಲೆ ಎಳೆದು ಗುಡ್ಡೆ ಹಾಕಿ, ಮೊಟ್ಟೆಯಿಟ್ಟು, ವಾರಗಟ್ಟಲೆ ಕಾಯುತ್ತಾಳೆ. ಮರಿಗಳು ಹೊರಬರುವ ಮೊದಲು ಎದ್ದು ಹೋಗುತ್ತಾಳೆ. ನಮ್ಮ ಪಶ್ಚಿಮ ಘಟ್ಟದ ಈ ಹಾವನ್ನು 2024ರಲ್ಲಿ ಬೇರೆಯೇ ಪ್ರಭೇದವೆಂದು ಗುರುತಿಸಿದ ವಿಜ್ಞಾನಿಗಳು ಅದಕ್ಕೆ ನಮ್ಮ 'ಕಾಳಿಂಗ' ಎಂಬ ಹೆಸರನ್ನೇ ಇಟ್ಟಿದ್ದಾರೆ.

"ಹಂಗಾರ ಗಡಿಗಿ ಬ್ಯಾಡ್ರಿ" ಎಂದು ಹುಡುಗ ಕುಳಿತ. ನಾಗರ ಹಿಡಿದು ಮನೆಯಲ್ಲಿಡುವುದು ಅಪರಾಧವೆಂದೂ ಹೇಳಿ ಪಾಠ ಮುಗಿಸಿದೆ.

ಆದರೆ ನನ್ನ ಪಾಠ ಮುಗಿದಿರಲಿಲ್ಲ. ಆ ನಾಲ್ಕು ವರ್ಷ ಉಪವಾಸ ಮಾಡಿದವಳು ನಾನು, ಕಲ್ಲಿಗೆ ಹಾಲೆರೆದವಳು ನಾನು, ಡಾಕ್ಟರರ ಮುಂದೆ ತಲೆ ತಗ್ಗಿಸಿ ಕುಳಿತವಳೂ ನಾನೊಬ್ಬಳೇ. ನನ್ನ ಯಜಮಾನರನ್ನೂ ಒಮ್ಮೆ ತಪಾಸಣೆ ಮಾಡಿಸಬೇಕೆಂದು ಯಾರೂ ಅನ್ನಲಿಲ್ಲ. ಅನ್ನುವ ಧೈರ್ಯ ನನಗೂ ಇರಲಿಲ್ಲ.

ಕಳೆದ ಪಂಚಮಿಗೆ ಓಣಿಯ ಸೊಸೆಯೊಬ್ಬಳು ಆ ಕುಂಚಿಗೆ ಕೇಳಲು ಬಂದಳು. ಕೊಟ್ಟೆ. ಅದರಲ್ಲಿ ಅತ್ತೆಯವರ ಪ್ರೀತಿ ಇದೆ, ಇಲ್ಲ ಎನ್ನಲಾರೆ. ಹೊಸ್ತಿಲು ದಾಟುವ ಮೊದಲು ಅವಳ ಕೈ ಹಿಡಿದು ಹೇಳಿದೆ: "ದವಾಖಾನಿಗೆ ಒಬ್ಬಾಕಿನ ಹೋಗಬ್ಯಾಡವಾ. ಗಂಡನ್ನೂ ಕರಕೊಂಡ ಹೋಗು."