ಅಜ್ಜಿಯ ಮಾತು ಮತ್ತು ಹಳದೀಪುರದ ಅರುಣಾ

ಮೊನ್ನೆ ಹೊನ್ನಾವರಕ್ಕೆ ಹೋಗಿದ್ದಾಗ ಅಜ್ಜಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಇದ್ದಕ್ಕಿದ್ದಂತೆ ಹೇಳಿದಳು, "ತಮಾ, ಅಜ್ಜಂಗೆ ಮಾಡ್ದಾಂಗೆ ನಂಗೆ ಮಾಡಡಿ. ಗಂಟ್ಲಿಗೆ ನಳಿಗೆ ಎಲ್ಲ ಬೇಡ."

ಅಜ್ಜ ಕೊನೆಗೆ ಹನ್ನೊಂದು ದಿನ ಐಸಿಯುನಲ್ಲಿದ್ದ. ಅವನಿಗೇನು ಬೇಕೆಂದು ನಾವು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಅಪ್ಪ, ದೊಡ್ಡಪ್ಪ ಒಬ್ಬರ ಮುಖ ಒಬ್ಬರು ನೋಡುತ್ತಾ ಬಾಗಿಲಲ್ಲಿ ನಿಂತಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಬೆಂಗಳೂರಿಗೆ ವಾಪಸ್ ಬಂದು ಓದುತ್ತಾ ಕೂತೆ. ಅಜ್ಜಿ ಬಾಯಲ್ಲಿ ಹೇಳಿದ್ದನ್ನೇ ಕಾಗದದ ಮೇಲೆ ಬರೆದಿಟ್ಟರೆ ಅದಕ್ಕೆ 'ಲಿವಿಂಗ್ ವಿಲ್' ಎನ್ನುತ್ತಾರೆ. 1969ರಲ್ಲಿ ಇದನ್ನು ಪ್ರತಿಪಾದಿಸಿದವನು ಲೂಯಿ ಕಟ್ನರ್ ಎಂಬ ಅಮೆರಿಕದ ವಕೀಲ. 1976ರಲ್ಲಿ ಕ್ಯಾಲಿಫೋರ್ನಿಯಾ ಅದಕ್ಕೆ ಕಾನೂನು ಮಾಡಿತು. ನಮ್ಮಲ್ಲಿ? ಆ ಕಥೆಯ ಒಂದು ಎಳೆ ನಮ್ಮದೇ ತಾಲ್ಲೂಕಿನದು!

ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರ್ 27ರಂದು ಅಲ್ಲಿನ ವಾರ್ಡ್ ಬಾಯ್ ಒಬ್ಬ ನಾಯಿ ಕಟ್ಟುವ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ. ಮಿದುಳಿಗೆ ಆಮ್ಲಜನಕ ಸಿಗದೆ ಅವರು ಮತ್ತೆ ಏಳಲೇ ಇಲ್ಲ. ಆಗ ವಯಸ್ಸು ಇಪ್ಪತ್ತೈದು. ಅಲ್ಲಿಂದ ನಲವತ್ತೊಂದು ವರ್ಷಕ್ಕೂ ಮಿಕ್ಕಿ ಅದೇ ಆಸ್ಪತ್ರೆಯ ನರ್ಸುಗಳೇ ನೋಡಿಕೊಂಡರು.

2009ರಲ್ಲಿ ಪತ್ರಕರ್ತೆ ಪಿಂಕಿ ವಿರಾನಿ, ಅವರನ್ನು ಸಾಯಲು ಬಿಡಿ ಎಂದು ಸುಪ್ರೀಂ ಕೋರ್ಟಿಗೆ ಹೋದರು. ನರ್ಸುಗಳು ಒಪ್ಪಲಿಲ್ಲ. 2011ರ ಮಾರ್ಚ್ 7ರಂದು ಕೋರ್ಟು ಅರ್ಜಿ ತಳ್ಳಿಹಾಕಿತು. ಆದರೆ ಹೈಕೋರ್ಟಿನ ಅನುಮತಿ ಇದ್ದರೆ ಇಂಥ ರೋಗಿಗಳಿಗೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದು ಎಂದು ಅದೇ ತೀರ್ಪಿನಲ್ಲಿ ಹೇಳಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು. ಅವರಿಗೇನು ಬೇಕಿತ್ತು ಎಂಬುದು ಕೊನೆಗೂ ಯಾರಿಗೂ ಗೊತ್ತಾಗಲಿಲ್ಲ....

'ಕಾಮನ್ ಕಾಸ್' ಸಂಸ್ಥೆ 2005ರಲ್ಲೇ ಹಾಕಿದ್ದ ಇನ್ನೊಂದು ಅರ್ಜಿ 2018ರ ಮಾರ್ಚ್ 9ರಂದು ತೀರ್ಮಾನವಾಯಿತು. ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ, ಲಿವಿಂಗ್ ವಿಲ್ ಮಾನ್ಯ ಎಂದಿತು ಐವರ ಪೀಠ. ಆದರೆ ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು! ನಮ್ಮ ಅಜ್ಜಿ ಕೋರ್ಟಿನ ಮೆಟ್ಟಿಲು ಹತ್ತುವುದು ಆಗುವ ಮಾತೇ? 2023ರ ಜನವರಿಯಲ್ಲಿ ಅದನ್ನು ಸಡಿಲಿಸಿ, ಇಬ್ಬರು ಸಾಕ್ಷಿಗಳ ಜೊತೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು ಎಂದರು. ಆದರೂ ಚಿಕಿತ್ಸೆ ನಿಲ್ಲಿಸಲು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ಇದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಆದೇಶ ಹೊರಡಿಸಿತು. ಈ ಹಕ್ಕಿಗಾಗಿ ವರ್ಷಗಟ್ಟಲೆ ಪತ್ರ ಬರೆದವರು ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮ.

ಒಂದು ಮಾತು ಸ್ಪಷ್ಟವಿರಲಿ. ಇಂಜೆಕ್ಷನ್ ಕೊಟ್ಟು ಸಾಯಿಸುವುದಕ್ಕೆ ಇಲ್ಲಿ ಅನುಮತಿಯಿಲ್ಲ. ಬರೆದವರು ಯಾವಾಗ ಬೇಕಾದರೂ ಮನಸ್ಸು ಬದಲಾಯಿಸಬಹುದು.

ನಿನ್ನೆ ಅಪ್ಪನಿಗೆ ಫೋನಿನಲ್ಲಿ ಇದೆಲ್ಲ ಹೇಳಿದೆ. "ಬದುಕಿದ್ದವರ ಎದುರು ಇಂಥ ಮಾತೆಲ್ಲ ಎಂತಕ್ಕೆ?" ಎಂದು ಬೈದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ದೀಪಾವಳಿಗೆ ಬಂದಾಗ ಆ ಕಾಗದ ತಗಂಡು ಬಾ" ಎಂದರು.

ನಿಮ್ಮ ಮನೆಯಲ್ಲಿ ಯಾರಾದರೂ ಕೇಳಿದ್ದೀರಾ?